ಮೊದಲ ಪ್ರತಿಯ ತಿಲಕ

"ಏಳನೇ ಕ್ಲಾಸು ದಾಟದವನ ಕೈಗೆ ಪುಸ್ತಕ ಕೊಟ್ಟರೆ ಇನ್ನೇನು ಮಾಡ್ತಾನೆ? ತೂಕಕ್ಕೆ ಹಾಕ್ತಾನೆ."

ಸುಯೋಗ್ ಇದನ್ನು ನನಗೆ ಹೇಳಲಿಲ್ಲ. ನನಗೆ ಬೆನ್ನು ಮಾಡಿ, ಎದುರಿಗೆ ಕೂತಿದ್ದ ಹದಿನಾಲ್ಕು ಮಂದಿಗೆ ಹೇಳಿದ. ಎಲ್ಲರೂ ಕೊರಿಯನ್ ಭಾಷೆ ಕಲಿಸುವ ಸೆಂಟರುಗಳ ಮಾಲೀಕರು. ಚಿತವನ್, ಬುಟವಲ್, ಧರಾನ್ ಕಡೆಯಿಂದ ಬಸ್ಸು ಹಿಡಿದು ಕಾಠ್‌ಮಾಂಡುಗೆ ಬಂದವರು. ಕೆಲವರು ನಕ್ಕರು. ನಗದವರು ಚಹಾ ಕುಡಿದರು. ಆ ಚಹಾ ತಂದಿಟ್ಟವನು ನಾನೇ.

ಆಮೇಲೆ ಅವನು ತಿರುಗಿ ಒಂದು ಪುಸ್ತಕವನ್ನು ನನ್ನ ಎದೆಗೆ ಎಸೆದ. ಅದು ಬಡಿದು ಕಾಲ ಬಳಿ ಬಿತ್ತು.

ಬಿಡುಗಡೆಗೆ ಇನ್ನೂ ಆರು ದಿನ ಇರುವಾಗಲೇ ಬಾಗ್‌ಬಜಾರಿನ ಫುಟ್‌ಪಾತಿನಲ್ಲಿ ಮೂರರಲ್ಲೊಂದು ಬೆಲೆಗೆ ಸಿಗುತ್ತಿದ್ದ ನಮ್ಮ ಪುಸ್ತಕ ಅದು. ಕಳ್ಳ ಪ್ರತಿ. ಹಿಂದಿನ ಗುರುವಾರ ಮೊದಲು ಕಣ್ಣಿಗೆ ಬಿದ್ದಿತ್ತು. ಬುಧವಾರದ ಹೊತ್ತಿಗೆ ಕಳ್ಳ ನಾನು ಅಂತ ತೀರ್ಮಾನವಾಗಿತ್ತು.

"ಕದ್ದದ್ದು ಸಾಲದು ಅಂತ ಖಾದಾದಲ್ಲಿ ಸುತ್ತಿ, ಕೈಮುಗಿದು ಕೊಟ್ಟನಂತೆ," ಅಂದ ಸುಯೋಗ್. "ಮರ್ಯಾದಸ್ಥ ಕಳ್ಳ."

ಗೌರವಕ್ಕೆ ಕೊರಳಿಗೆ ಹಾಕುವ ಶಾಲಿನಲ್ಲಿ ಸುತ್ತಿದ ಕಳ್ಳಮಾಲು ಅಂತ ಮತ್ತೆ ನಗು. ನಾನು ಬಗ್ಗಿ ಪುಸ್ತಕ ಎತ್ತಿಕೊಂಡೆ. ಬಗ್ಗಿದಾಗ ಅವನ ಬೂಟು ನನ್ನ ಮುಖದ ಹತ್ತಿರವೇ ಇತ್ತು. ಆ ಕಾಲು ಹಿಡಿದು ಎಳೆದರೆ ಆಸಾಮಿ ಮೇಜಿನ ಅಂಚಿಗೆ ಹಲ್ಲು ಕೊಟ್ಟು ಬೀಳುತ್ತಿದ್ದ. ಎಳೆಯದೆ ಇದ್ದದ್ದಕ್ಕೆ ಕಾರಣ ನನ್ನ ಜಾಕೆಟ್ಟಿನ ಒಳಜೇಬಿನಲ್ಲಿತ್ತು. ಕೊರಿಯಾದ ಒಂದು ಅಣಬೆ ತೋಟದವರು ಕಳಿಸಿದ ಕೆಲಸದ ಕರಾರು. ಕೊರಿಯನ್ ಭಾಷಾ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಪಾಸಾಗಿ, ಎರಡು ವರ್ಷ ಕಾದ ಮೇಲೆ ಬಂದದ್ದು. ಇನ್ನು ಪೊಲೀಸ್ ರಿಪೋರ್ಟ್ ಒಂದು ಬಾಕಿ. ನನ್ನ ಮೇಲೆ ಯಾವ ಕೇಸೂ ಇಲ್ಲ ಅನ್ನುವ ಒಂದು ಹಾಳೆ. ಅದಿಲ್ಲದಿದ್ದರೆ ವೀಸಾ ಇಲ್ಲ, ಕರಾರು ಇನ್ನೊಬ್ಬನ ಪಾಲು.

ಒಡತಿ ನಾನಿಮಾಯಾ ತುಲಾಧರ್ ಮೇಜಿನ ಹಿಂದೆ ಕೂತು ನೋಡುತ್ತಿದ್ದಳು. ನಾವೆಲ್ಲ ಅವಳನ್ನು ಸಾಹುನಿ ಅನ್ನುತ್ತಿದ್ದೆವು. ಸುಯೋಗ್ ಅವಳ ಅಣ್ಣನ ಮಗ, ಮ್ಯಾನೇಜರು. 'ಸಾಂಘು ಭಾಷಾ ಘರ್' ಅನ್ನುವ ಬೋರ್ಡಿನ ಕೆಳಗೆ ಅವಳು ಒಬ್ಬಳೇ ಹನ್ನೊಂದು ವರ್ಷ ಕೂತು ಕಟ್ಟಿದ ಪಠ್ಯಪುಸ್ತಕದ ಕಂಪನಿ. ನಿಂತಿರುವುದು ಒಂದೇ ಪರೀಕ್ಷೆಯ ಮೇಲೆ, ಒಬ್ಬನೇ ಗುರುವಿನ ಮೇಲೆ. ಹೋದ ವರ್ಷ ಕೊರಿಯಾದವರು ಪರೀಕ್ಷೆಯ ರೀತಿ ಬದಲಿಸಿದರು. ಹಳೆಯ ಪುಸ್ತಕವೆಲ್ಲ ಒಂದೇ ದಿನದಲ್ಲಿ ರದ್ದಿ. ಹೊಸ ಪುಸ್ತಕಕ್ಕೂ ಅದರ ಜೊತೆಗೆ ಫೋನಿನಲ್ಲಿ ಬರುವ ಪಾಠಗಳಿಗೂ ಅವಳು ಮನೆ ಅಡ ಇಟ್ಟಿದ್ದಳು.

ಧರಾನಿನ ಸುಬ್ಬಾ, ದಪ್ಪ ಕನ್ನಡಕದ ಮನುಷ್ಯ, ಅವನು ಮಾತ್ರ ನಕ್ಕಿರಲಿಲ್ಲ. ನನ್ನ ಹುಡುಗರು ಆಗಲೇ ಫುಟ್‌ಪಾತಿನಲ್ಲಿ ಕೊಂಡಾಯ್ತು, ನಿಮ್ಮ ಪುಸ್ತಕ ಯಾರಿಗೆ ಮಾರಲಿ ಅಂತ ಕೇಳಿದ. ಪುಸ್ತಕ ಸೋರಿದ ತೂತು ಎಲ್ಲಿದೆ ತೋರಿಸಿ, ಇಲ್ಲವೇ ನಮ್ಮ ಆರ್ಡರು ರದ್ದು ಮಾಡಿ ಅಂದ. ಉಳಿದವರೂ ತಲೆಯಾಡಿಸಿದರು.

ಬುಟವಲಿನವನ ಭಯ ಬೇರೆಯದು. "ಪುಸ್ತಕ ಹೋದರೆ ಹೋಗಲಿ. ಲಿಂಬು ಗುರು ನಿಮ್ಮ ಜೊತೆ ಇದ್ದಾರೆ ತಾನೆ? ಅವರು ಬಿಟ್ಟರು ಅಂದರೆ ನಾವೂ ಬಿಟ್ಟೆವು."

"ಇದ್ದಾರೆ," ಅಂದಳು ಸಾಹುನಿ. "ನಾಳೆ ಅವರೂ ಬರ್ತಾರೆ." ಆಮೇಲೆ ನನ್ನ ಕಡೆ ನೋಡದೆ, "ಹಸ್ತೆ, ನಾಳೆ ನಾಲ್ಕು ಗಂಟೆಗೆ ಇವರೆಲ್ಲರ ಮುಂದೆ ಬಂದು ಪುಸ್ತಕ ಯಾರಿಗೆ ಕೊಟ್ಟೆ ಹೇಳು. ಇಲ್ಲದಿದ್ದರೆ ನಾಲ್ಕೂವರೆಗೆ ನಾನು ಠಾಣೆಗೆ ಹೋಗ್ತೀನಿ."

ನಾನು ಕಳ್ಳ ಪ್ರತಿ ಕಂಕುಳಲ್ಲಿಟ್ಟುಕೊಂಡು ಇಳಿದು ಬಂದೆ.

*

ಎದುರು ಸಾಲಿನ ಚಹಾದಂಗಡಿಯಲ್ಲಿ ಕೂತು ಪುಸ್ತಕ ಬಿಡಿಸಿದೆ.

ಬಿಡುಗಡೆಗೆ ಮುಂಚೆ ಪುಸ್ತಕ ಮುಟ್ಟಿದವರು ಮೂರೇ ಕಡೆಯವರು. ಅಚ್ಚು ಹಾಕಿದ ಪ್ರೆಸ್ಸಿನವರು. ಗೋದಾಮಿನ ಬೀಗದ ಕೈ ಇಟ್ಟುಕೊಂಡ ಸುಯೋಗ್. ಕಟ್ಟು ಕಟ್ಟುವ ನಾನು. ಬೈಸಿಕೊಳ್ಳೋಕೆ ಸುಲಭದವನು ಯಾರು ಅಂತ ಕೇಳಿದರೆ ಹಾದಿಯ ನಾಯಿಯೂ ನನ್ನನ್ನೇ ತೋರಿಸುತ್ತಿತ್ತು.

ಹಾಳೆ ತಿರುವಿದೆ. ಜೆರಾಕ್ಸ್ ಮಾಡಿ ಹೊಲಿದ ಮಾಲು. ಸಾಲುಗಳು ಸ್ವಲ್ಪ ವಾಲಿದ್ದವು. ಒಳಪುಟಕ್ಕೆ ಬಂದಾಗ ಕೈ ನಿಂತಿತು.

ಪುಸ್ತಕದ ಹೆಸರಿನ ಮೇಲೆ ಒಂದು ಕಪ್ಪು ಮಚ್ಚೆ. ಹೆಬ್ಬೆರಳಿನಷ್ಟು. ಅಂಚು ಕೆಳಗಡೆಗೆ ಸ್ವಲ್ಪ ಜಾರಿದೆ. ಮಚ್ಚೆಯ ಒಳಗೆ ಐದು ಬಿಳಿ ಗುರುತು, ಒಂದೊಂದೂ ಅಕ್ಕಿಕಾಳಿನಷ್ಟು. ಚಹಾ ಕೊಡುವ ಹೆಂಗಸು ನನ್ನ ಹಿಂದಿನಿಂದ ಬಗ್ಗಿ ನೋಡಿ, ಏನಪ್ಪ ಪುಸ್ತಕಕ್ಕೆ ಸಾರು ಚೆಲ್ಲಿದ್ದಾರೆ ಅಂದಳು.

ಸಾರಲ್ಲ. ಜೆರಾಕ್ಸಿನಲ್ಲಿ ಕೆಂಪು ಕಪ್ಪಾಗುತ್ತದೆ.

ಕಳ್ಳ ಪ್ರತಿ ಕಾಣುವ ಹಿಂದಿನ ವಾರ, ಪ್ರೆಸ್ಸಿನಿಂದ ಪುಸ್ತಕ ಬಂದ ಶುಕ್ರವಾರ, ಸಾಹುನಿಯ ಅತ್ತೆ ಮೊಸರು, ಅಕ್ಕಿ, ಸಿಂಧೂರ ಕಲಸಿ ಬಟ್ಟಲಲ್ಲಿ ತಂದಿದ್ದಳು. ಮೊದಲ ಕಟ್ಟು ಬಿಚ್ಚಿ, ಮೊದಲ ಪ್ರತಿ ತೆಗೆದು, ಒಳಪುಟಕ್ಕೆ ತಿಲಕ ಇಟ್ಟಳು. ಮುದುಕಿಗೆ ಕೈ ನಡುಗುತ್ತದೆ. ಮೇಲೆ ಖಾಲಿ ಜಾಗಕ್ಕೆ ಇಡಬೇಕಾದದ್ದು ಹೆಸರಿನ ಮೇಲೆಯೇ ಬಿದ್ದು ಕೆಳಕ್ಕೆ ಜಾರಿತು. ಇರಲಿ ಬಿಡಿ, ಶುಭವೇ ಅಂದರು ಎಲ್ಲರೂ. ಆ ಪ್ರತಿಯನ್ನು ಸರಸ್ವತಿಯ ಪಟದ ಮುಂದೆ ಹಲಗೆಯ ಮೇಲಿಟ್ಟು ಚೆಂಡುಹೂ ಹಾಕಿದರು. ಅದನ್ನು ಮಾರುವುದಿಲ್ಲ, ಓದುವುದಿಲ್ಲ, ಯಾರೂ ಮುಟ್ಟುವುದಿಲ್ಲ.

ತಿಲಕ ಇದ್ದದ್ದು ಒಂದೇ ಪ್ರತಿಗೆ. ಅಂದರೆ ಕಳ್ಳರು ಜೆರಾಕ್ಸ್ ಮಾಡಿದ್ದು ಆ ಪ್ರತಿಯನ್ನೇ.

ಇಷ್ಟನ್ನು ಹಿಡಿದುಕೊಂಡು ಮೇಲೆ ಓಡಿಹೋಗಿ ಸುಯೋಗನ ಮುಖಕ್ಕೆ ಬಡಿಯಬಹುದಿತ್ತು. ಹೋಗಲಿಲ್ಲ. ಯಾಕಂದರೆ ಆ ಪ್ರತಿಯನ್ನು ಹಲಗೆಯಿಂದ ತೆಗೆದವನು ನಾನೇ.

ಹೌದು. ತೆಗೆದೆ. ಅದರ ಜಾಗದಲ್ಲಿ ಇನ್ನೊಂದು ಪ್ರತಿ ಇಟ್ಟು, ಮೇಲೆ ಅದೇ ಹೂವು ಹಾಕಿದೆ. ಮಾರಲಿಕ್ಕಲ್ಲ. ಆ ಪುಸ್ತಕ ಬರೆದವರಿಗೆ ಕೊಡಲಿಕ್ಕೆ.

ನರಧ್ವಜ ಲಿಂಬು. ಡಿಲ್ಲಿಬಜಾರಿನಲ್ಲಿ ಅವರ ಕ್ಲಾಸು ಮೊದಲ ಮಹಡಿಯಲ್ಲಿತ್ತು, ಕೆಳಗೆ ಮೊಮೊ ಅಂಗಡಿ. ಭೂಕಂಪದಲ್ಲಿ ನಮ್ಮೂರ ಶಾಲೆ ಬಿದ್ದ ವರ್ಷ ನಾನು ಏಳನೇ ಕ್ಲಾಸು. ಮತ್ತೆ ಶಾಲೆಗೆ ಹೋಗಲಿಲ್ಲ, ಕಾಠ್‌ಮಾಂಡುಗೆ ಬಂದು ಆ ಅಂಗಡಿಯಲ್ಲಿ ತಟ್ಟೆ ತೊಳೆಯುತ್ತಿದ್ದೆ. ಮೇಲಿನಿಂದ ನೂರಿಪ್ಪತ್ತು ಜನ ಒಟ್ಟಿಗೆ ಪಾಠ ಒಪ್ಪಿಸುವುದು ಮಾಳಿಗೆ ಹಲಗೆಗಳ ಸಂದಿಯಿಂದ ಕೇಳಿಸುತ್ತಿತ್ತು. ತಟ್ಟೆ ತೊಳೆಯುತ್ತ ನಾನೂ ಒಪ್ಪಿಸುತ್ತಿದ್ದೆ. ಒಂದು ದಿನ ಅವರು ಮೆಟ್ಟಿಲಿಳಿದು ಬಂದು, ಒಂದೂ ತಪ್ಪಿಲ್ಲದೆ ಹೇಳ್ತಿದ್ದೀಯಲ್ಲೋ, ಮೇಲೆ ಬಾ, ತಟ್ಟೆ ಆಮೇಲೆ ತೊಳೆದರಾಯ್ತು ಅಂದರು. ಫೀಸು ಕೇಳಲಿಲ್ಲ. ಎರಡು ವರ್ಷ ಕಲಿಸಿದರು. ಸಾಂಘುವಿನಲ್ಲಿ ಕೆಲಸ ಕೊಡಿಸಿದರು.

ಕೇಳುವ ಪಾಠಗಳನ್ನು ರೆಕಾರ್ಡ್ ಮಾಡುವಾಗ ಎರಡನೇ ದನಿ ಬೇಕಾಯಿತು. ಈ ಹುಡುಗನದೇ ಇರಲಿ ಅಂದರು ಗುರುಗಳು. ಶನಿವಾರ ರಜೆ, ಬೀದಿ ಸದ್ದಿಲ್ಲ, ಕಿಟಕಿಗೆ ಹಾಸಿಗೆ ಒರಗಿಸಿ ನಲವತ್ತು ಶನಿವಾರ ಕೂತೆವು. ಮೊದಲ ಪಾಠದ ಮೊದಲ ಮಾತು ಅವರದು: ಎಲ್ಲಿಗೆ ಹೊರಟೆ? ಎರಡನೇ ಮಾತು ನನ್ನದು: ಕೆಲಸಕ್ಕೆ ಹೊರಟೆ. ಪುಸ್ತಕಕ್ಕೆ ಮುಂಚೆಯೇ ಪಾಠಗಳು ಫೋನಿಗೆ ಬಂದಿದ್ದವು. ಕೊರಿಯನ್ ಕಲಿಯುವ ಯಾವ ಹುಡುಗನನ್ನು ಬೇಕಾದರೂ ನಿಲ್ಲಿಸಿ ಕೇಳಿ, ನನ್ನ ದನಿಯಲ್ಲೇ ಉತ್ತರ ಹೇಳುತ್ತಾನೆ.

ಪುಸ್ತಕ ಅಚ್ಚಾಗಿ ಬಂದಾಗ ಮುಖಪುಟದ ಮೇಲೆ ಕಂಪನಿಯ ಹೆಸರಿತ್ತು. ಗುರುಗಳ ಹೆಸರು ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಒಂದು ಪ್ರತಿಯನ್ನೂ ಅವರಿಗೆ ಕಳಿಸಲಿಲ್ಲ. ಬಿಡುಗಡೆ ತನಕ ಹೊರಗೆ ಹೋಗಕೂಡದು ಅಂತ ಸಾಹುನಿಯ ಕಟ್ಟಪ್ಪಣೆ. ನನಗೆ ಮೈ ಉರಿಯಿತು. ಬರೆದವನ ಕೈಗೆ ಹೋಗದ ತಿಲಕ ಯಾರಿಗೆ? ಶನಿವಾರ ಆ ಪ್ರತಿ ತೆಗೆದು ಬಿಳಿ ಖಾದಾದಲ್ಲಿ ಸುತ್ತಿದೆ. ನಾನು ವಿಮಾನ ಹತ್ತುವ ದಿನ ಕೊರಳಿಗೆ ಹಾಕಲು ಅಂತ ಅಮ್ಮ ಕೊಟ್ಟ ರೇಷ್ಮೆ ಶಾಲು ಅದು. ಚೌಚೌ ನೂಡಲ್ಸಿನ ಖಾಲಿ ಡಬ್ಬಿಯೊಳಗೆ ಅಡಗಿಸಿ ತಗೊಂಡು ಹೋಗಿ, ಗುರುಗಳ ಕಾಲ ಬಳಿ ಇಟ್ಟೆ. ಅವರ ಕಣ್ಣು ತುಂಬಿತ್ತು. ನನ್ನದೂ.

ಈಗ ಆ ತಿಲಕ ಫುಟ್‌ಪಾತಿನಲ್ಲಿ ಬಿದ್ದಿದೆ.

ಗುರುಗಳ ಮೇಲೆ ಅನುಮಾನ ಬರಲಿಲ್ಲ ಅಂದರೆ ಸುಳ್ಳು. ಬಂತು. ಬಂದ ತಕ್ಷಣ ಅದನ್ನು ಹೊಸಕಿ ಹಾಕಿದೆ. ಯಾರೋ ವಿದ್ಯಾರ್ಥಿ ಕದ್ದಿರಬಹುದು. ಅಥವಾ ಪ್ರೆಸ್ಸಿನಲ್ಲೂ ಒಂದಕ್ಕೆ ತಿಲಕ ಇಟ್ಟಿರಬಹುದು. ಮೊದಲು ಅದನ್ನು ನೋಡೋಣ ಅಂತ ಹೀರಾಕಾಜಿಯ ಪ್ರೆಸ್ಸಿಗೆ ಹೋದೆ.

ನಾವೆಲ್ಲ ಕಾಜಿ ದಾಯಿ, ಅಂದರೆ ಕಾಜಿ ಅಣ್ಣ, ಅನ್ನುವ ಅವನು ಮಸಿ ಕೈಯಲ್ಲೇ ಪುಸ್ತಕ ಹಿಡಿದು ಮಚ್ಚೆ ನೋಡಿದ. ನಾವು ತಿಲಕ ಇಡೋದು ಮೆಷಿನ್ನಿಗೆ ಭಾಯ್, ಪುಸ್ತಕಕ್ಕಲ್ಲ ಅಂದ. ಪುಸ್ತಕಕ್ಕೆ ಇಟ್ಟರೆ ಮಾರೋದು ಹೇಗೆ, ಮೊಸರು ವಾಸನೆ ಬರಲ್ವಾ?

ಅಲ್ಲಿಗೆ ಆ ದಾರಿ ಮುಚ್ಚಿತು.

ಹೊರಡುವಾಗ ಅವನು ಹಿಂದಿನಿಂದ ಕೂಗಿ, ನಿಮ್ಮ ಸಾಹುನಿಗೆ ಹೇಳು, ಹೊಸ ಮುಖಪುಟದ ಪ್ರೂಫು ರೆಡಿ ಅಂದ. ಯಾವ ಹೊಸ ಮುಖಪುಟ ಅಂತ ಕೇಳಿದೆ. ಅವನು ನಾಲಿಗೆ ಕಚ್ಚಿಕೊಂಡ. ಭಾನುವಾರ ತಾನೇ ಬಂದು ಆರ್ಡರು ಕೊಟ್ಟಳು, ಯಾರಿಗೂ ಹೇಳಬೇಡ ಅಂದಿದ್ದಳು, ನೀನು ಕೇಳಿಲ್ಲ ಅಂದ್ಕೋ.

ನನಗೆ ಆಗ ಮುಖಪುಟ ಬೇಕಾಗಿರಲಿಲ್ಲ. ಕೇಳಿಲ್ಲ ಅಂದುಕೊಂಡೆ.

*

ಡಿಲ್ಲಿಬಜಾರಿಗೆ ಹೋದಾಗ ಮಧ್ಯಾಹ್ನ ಒಂದೂವರೆ. ಮೊದಲೆಲ್ಲ ಆ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ತುಂಬಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಎಣಿಸಿದರೆ ಹತ್ತೊಂಬತ್ತು ಜೊತೆ. ಹುಡುಗರು ಕಿವಿಗೆ ವೈರು ಸಿಕ್ಕಿಸಿಕೊಂಡು ಬೆಂಚಿನ ಮೇಲೆ ಒರಗಿದ್ದರು. ಗುರುಗಳು ಪಕ್ಕದ ಸಣ್ಣ ಕೋಣೆಯಲ್ಲಿ ಅವಲಕ್ಕಿ, ಆಲೂಗಡ್ಡೆ ತಿನ್ನುತ್ತಿದ್ದರು.

ಬಾಗಿಲು ಹಾಕಿದೆ. ಕಳ್ಳ ಪ್ರತಿಯ ಒಳಪುಟ ತೆಗೆದು ತಟ್ಟೆಯ ಪಕ್ಕ ಇಟ್ಟೆ.

ಅವರು ನೋಡಿದರು. ಕೈ ಒರೆಸಿಕೊಂಡರು. ಇದೇನು ಅಂತ ಕೇಳಲಿಲ್ಲ. ಆಗಲೇ ನನಗೆ ಗೊತ್ತಾಗಿಹೋಯಿತು.

"ಯಾರಿಗೆ ಕೊಟ್ರಿ, ಗುರುಗಳೇ?"

"ಕೂತ್ಕೋ. ಊಟ ಆಯ್ತಾ?"

"ಯಾರಿಗೆ?"

ಅವರು ಸುತ್ತಿ ಬಳಸಿ ಹೇಳಲಿಲ್ಲ. ಅಷ್ಟು ಮಟ್ಟಿಗೆ ಅವರು ನನ್ನ ಗುರುಗಳೇ. ಪುತಲಿಸಡಕಿನ ಒಬ್ಬ ಜೆರಾಕ್ಸ್ ಅಂಗಡಿಯವನಿಗೆ ಕೊಟ್ಟೆ ಅಂದರು. ದುಡ್ಡಿಗಲ್ಲ. ನಲವತ್ತು ಶನಿವಾರ ದನಿ ಕೊಟ್ಟಾಗ ಅದು ಪುಸ್ತಕದ ಜೊತೆ ಹೋಗುವ ಸಣ್ಣ ಪಾಠ ಅಂದುಕೊಂಡಿದ್ದರಂತೆ. ಈಗ ಧರಾನಿನ ಹುಡುಗ ಧರಾನಿನಲ್ಲೇ ಮಲಗಿಕೊಂಡು ಫೋನಿನಲ್ಲಿ ಅವರನ್ನು ಕೇಳುತ್ತಾನೆ. ಡಿಲ್ಲಿಬಜಾರಿನ ಮೆಟ್ಟಿಲು ಹತ್ತುವವರಿಲ್ಲ. ಇಪ್ಪತ್ತು ವರ್ಷದಲ್ಲಿ ನಾಲ್ಕು ಸಾವಿರ ಹುಡುಗರನ್ನು ಕೊರಿಯಾಕ್ಕೆ ಕಳಿಸಿದವರು ಈ ತಿಂಗಳ ಬಾಡಿಗೆ ಕೊಟ್ಟಿಲ್ಲ.

"ನನ್ನ ಕ್ಲಾಸು ನನ್ನ ದನಿಯೇ ಖಾಲಿ ಮಾಡ್ತು, ಹಸ್ತೆ. ಪುಸ್ತಕ ನಂದು, ಹೆಸರು ಅವಳದ್ದು. ಹಾಳಾಗಿ ಹೋಗಲಿ ಅನ್ನಿಸ್ತು. ಕೊಟ್ಟುಬಿಟ್ಟೆ."

ಆ ಸಿಟ್ಟು ನನಗೆ ಗೊತ್ತು. ಅದೇ ಸಿಟ್ಟಿನಲ್ಲೇ ನಾನು ಹಲಗೆಯ ಮೇಲಿನ ಪ್ರತಿ ತೆಗೆದಿದ್ದೆ. ಒಂದು ಗಳಿಗೆ ಅವರ ಪರ ನಿಂತೆ ಕೂಡ, ಮನಸ್ಸಿನಲ್ಲಿ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಸರಿ, ನಾಳೆ ಹೇಗೂ ನಿಮ್ಮನ್ನು ಕರೆದಿದ್ದಾರೆ, ಇದನ್ನೇ ಬಂದು ಹೇಳಿ ಅಂದೆ. ಹಲಗೆಯಿಂದ ತೆಗೆದದ್ದು ನಾನು ಅಂತ ನಾನೂ ಒಪ್ಪಿಕೊಳ್ಳುತ್ತೇನೆ. ಬೈಸಿಕೊಳ್ಳೋಣ, ಕೆಲಸ ಹೋದರೆ ಹೋಗಲಿ. ಗುರುವಿಗೆ ಪುಸ್ತಕ ಕೊಟ್ಟದ್ದಕ್ಕೆ ಯಾರೂ ಜೈಲಿಗೆ ಹಾಕಲ್ಲ.

ಅವರು ತಟ್ಟೆಯಲ್ಲಿ ಉಳಿದ ಆಲೂಗಡ್ಡೆಯನ್ನು ಬೆರಳಲ್ಲಿ ಆ ಕಡೆ ಈ ಕಡೆ ಸರಿಸಿದರು.

"ನಿನ್ನ ಹೆಸರು ನಾನು ಎಲ್ಲೂ ಎತ್ತಿಲ್ಲ. ವಿದ್ಯೆಯಾಣೆ."

ಹೆಸರು ಎತ್ತಿಲ್ಲ ಅಂದದ್ದು ಕಿವಿಗೆ ಬಿದ್ದ ಕೂಡಲೇ ಬೆಳಗಿನ ನಗು ನೆನಪಾಯಿತು. ಹದಿನಾಲ್ಕು ಜನರ ನಗು. ಯಾವ ಮಾತಿಗೆ ನಕ್ಕರು?

ಖಾದಾದಲ್ಲಿ ಸುತ್ತಿ, ಕೈಮುಗಿದು ಕೊಟ್ಟನಂತೆ.

ಡಬ್ಬಿಯೊಳಗೆ ಖಾದಾ ಇದ್ದದ್ದು ದಾರಿಯಲ್ಲಿ ಯಾರಿಗೂ ಕಾಣುವಂತಿರಲಿಲ್ಲ. ಡಬ್ಬಿ ತೆಗೆದದ್ದು ಇದೇ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಆವತ್ತು ಗುರುಗಳು ಆ ಖಾದಾವನ್ನು ಕೊರಿಯಾದ ನಕ್ಷೆಯ ಪಕ್ಕದ ಮೊಳೆಗೆ ನೇತುಹಾಕಿದ್ದರು. ಈಗ ಮೊಳೆ ಬರೀ ಮೊಳೆ.

"ಖಾದಾ ಎಲ್ಲಿ?"

"ಒಗೆಯೋಕೆ ಹಾಕಿದೀನಿ."

"ಸುಯೋಗ್‌ಗೆ ಖಾದಾ ವಿಷಯ ಗೊತ್ತು. ಅದನ್ನು ನೋಡಿದ್ದು ನಾವಿಬ್ಬರೇ. ನಾನು ಹೇಳಿಲ್ಲ."

ಆಚೆ ಕೋಣೆಯಲ್ಲಿ ಯಾವುದೋ ಹುಡುಗನ ಫೋನಿನಿಂದ ಪಾಠ ಜೋರಾಗಿ ಕೇಳಿಸಿ ಆಮೇಲೆ ತಗ್ಗಿತು. ಗುರುಗಳದೇ ದನಿ. ಉತ್ತರ ನನ್ನದು.

"ನೀನು ಹೋಗೋನು," ಅಂದರು ಗುರುಗಳು ಕೊನೆಗೆ. "ಇನ್ನೊಂದು ತಿಂಗಳಿಗೆ ಕೊರಿಯಾ. ನಿನ್ನ ಬೆನ್ನ ಹಿಂದೆ ಇಲ್ಲಿ ನಾಲ್ಕು ಜನ ಏನಂದರೆ ನಿನಗೇನು? ನಾನು ಇಲ್ಲೇ ಬದುಕಬೇಕಾದವನು."

"ಪೊಲೀಸ್ ರಿಪೋರ್ಟ್ ಇಲ್ಲದೆ ಹೋಗೋದು ಹೇಗೆ?"

ಅವರು ತಲೆ ಎತ್ತಿದರು. ಪ್ರತಿ ಬ್ಯಾಚಿನ ಕೊನೆಯ ದಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದವರು ಇವರೇ. ಪಾಸ್‌ಪೋರ್ಟು, ಆರೋಗ್ಯ ತಪಾಸಣೆ, ಪೊಲೀಸ್ ರಿಪೋರ್ಟು. ಮೂರನೆಯದರ ಕೆಳಗೆ ಎರಡು ಗೆರೆ ಎಳೆದು, ಯಾರ ಜೊತೆಗೂ ಜಗಳ ಆಡಬೇಡ್ರೋ, ಒಂದು ಕಂಪ್ಲೇಂಟು ಬಿದ್ದರೆ ಇಷ್ಟು ವರ್ಷ ಓದಿದ್ದು ಮಣ್ಣಾಗುತ್ತೆ ಅಂತಿದ್ದರು. ನಾಲ್ಕು ಸಾವಿರ ಹುಡುಗರಿಗೆ ಹೇಳಿದ್ದು ನನ್ನ ವಿಷಯದಲ್ಲಿ ಮರೆತುಹೋಯಿತು ಅಂದರೆ ನಾನು ನಂಬಬೇಕು.

"ಪೊಲೀಸಿಗೆ ಹೋಗಲ್ಲ ಅಂದಿದ್ರಲ್ಲ," ಅಂದರು.

"ಯಾರು?"

ಬಾಯಿ ತಪ್ಪಿ ಬಂದ ಮಾತು. ಅವರಿಗೂ ಗೊತ್ತಾಯಿತು. ತಟ್ಟೆ ಎತ್ತಿಕೊಂಡು ಎದ್ದು, ತೊಳೆಯುವ ಜಾಗಕ್ಕೆ ಹೋಗಿ, ನನಗೆ ಬೆನ್ನು ಮಾಡಿ ನಲ್ಲಿ ತಿರುಗಿಸಿದರು. ನೀರು ಬೀಳುತ್ತಲೇ ಇತ್ತು. ಒಂದು ತಟ್ಟೆ ತೊಳೆಯಲು ಅಷ್ಟು ಹೊತ್ತು ಬೇಡ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

*

ಗುರುವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗ ಸಾಂಘುವಿನ ಮೆಟ್ಟಿಲು ಹತ್ತಿದೆ. ಹಿಂದಿನ ದಿನದವರೇ ಹದಿನಾಲ್ಕು ಜನ. ಗುರುಗಳು ಬಂದಿದ್ದರು. ದಿಂಬು ಹಾಕಿದ ಕುರ್ಚಿಯಲ್ಲಿ, ಸಾಹುನಿಯ ಬಲಗಡೆ. ಟೋಪಿ ಹಾಕಿದ್ದರು. ನೆಲ ನೋಡುತ್ತಿದ್ದರು. ನನ್ನನ್ನು ಮೇಜಿನ ಪಕ್ಕಕ್ಕೆ, ಸಾಹುನಿಯ ಎಡಗಡೆಗೆ ನಿಲ್ಲಿಸಿದರು. ಕುರ್ಚಿ ಇರಲಿಲ್ಲ.

ಹೇಳುವುದೆಲ್ಲ ಗಂಟಲಲ್ಲಿ ಸಿದ್ಧ ಮಾಡಿಕೊಂಡೇ ಬಂದಿದ್ದೆ. ತಿಲಕ, ಹಲಗೆ, ಖಾದಾ, ಜೆರಾಕ್ಸಿನವನು. ಗುರುಗಳ ಹೆಸರು ಹೇಳುವ ಜಾಗ ಬಂದಾಗ ನಾಲಿಗೆ ಏಳುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಹೇಳಲೇಬೇಕು ಅಂತ ಎಡಗೈಯಿಂದ ಒಳಜೇಬಿನ ಕರಾರನ್ನು ಒತ್ತಿ ಹಿಡಿದಿದ್ದೆ.

ಸುಯೋಗ್ ಮೊದಲು ಎದ್ದ. ನಿನ್ನೆಯ ಬೂಟೇ. ಕಳ್ಳ ಪ್ರತಿಗೆ ಮದ್ದು ಸಿಕ್ಕಿದೆ ಅಂತ ಹೊಸ ಮುಖಪುಟದ ಹಾಳೆಗಳನ್ನು ಎಲ್ಲರ ಕೈಗೆ ಹಂಚಿದ. ಕೆಂಪು, ನೀಲಿ ಬಣ್ಣ. ನಡುವೆ ಗುರುಗಳ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ ನರಧ್ವಜ ಲಿಂಬು. ಇನ್ನು ಮೇಲೆ ಗುರುಗಳ ಮುಖ ಇದ್ದರೇನೇ ಅಸಲಿ, ಜೆರಾಕ್ಸಿನಲ್ಲಿ ಈ ಬಣ್ಣ ಬರೋಲ್ಲ, ಗುರುಗಳು ಇನ್ನು ಐದು ವರ್ಷ ನಮ್ಮ ಜೊತೆಗೇ ಅಂತ ಸಹಿ ಹಾಕಿದ್ದಾರೆ ಅಂದ. ಬುಟವಲಿನವನು ಚಪ್ಪಾಳೆ ತಟ್ಟಿದ.

ಒಂದು ಹಾಳೆ ಮೇಜಿನ ಮೇಲೆ ನನ್ನ ಮುಂದೆ ಮಗುಚಿ ಬಿತ್ತು. ಹಿಂಬದಿಯಲ್ಲಿ ಪೆನ್ಸಿಲಿನ ಬರಹ, ಕಾಜಿ ದಾಯಿಯದು. ಆರ್ಡರು ಕೊಟ್ಟ ದಿನ: ಭಾನುವಾರ.

ಭಾನುವಾರ. ನನ್ನನ್ನು ಎಲ್ಲರೆದುರು ಕಳ್ಳ ಅಂದದ್ದು ಬುಧವಾರ.

ಓದು ಕಡಿಮೆಯಾದರೂ ವಾರದ ದಿನ ಎಣಿಸಲು ಬರುತ್ತದೆ. ಗುರುವಾರ ಕಳ್ಳ ಪ್ರತಿ ಬಂತು. ಭಾನುವಾರದೊಳಗೆ ಗುರುಗಳು ಸಾಹುನಿಯ ಹತ್ತಿರ ಹೋಗಿದ್ದಾರೆ, ಅಥವಾ ಅವಳೇ ಅವರ ಹತ್ತಿರ ಹೋಗಿದ್ದಾಳೆ. ಮುಖಪುಟಕ್ಕೆ ಹೆಸರು ಬಂದಿದೆ. ಅದಾಗಿ ಮೂರು ದಿನ ಬಿಟ್ಟು ನನ್ನ ಎದೆಗೆ ಪುಸ್ತಕ ಬಿದ್ದಿದೆ.

ಸಾಹುನಿ ದೂರಿನ ಹಾಳೆ ತೆಗೆಯಲು ಮೇಜಿನ ಡ್ರಾಯರು ಎಳೆದಳು. ಹಾಳೆ ತೆಗೆದು ಮುಂದಿಟ್ಟುಕೊಂಡಳು, ಪೆನ್ನಿನ ಮುಚ್ಚಳ ಬಿಚ್ಚಿದಳು. ಡ್ರಾಯರನ್ನು ಪೂರ್ತಿ ಮುಚ್ಚಲಿಲ್ಲ.

ನಾನು ನಿಂತ ಕಡೆಯಿಂದ ಅದರ ಒಳಗೆ ಕಾಣುತ್ತಿತ್ತು. ಬಿಳಿ ರೇಷ್ಮೆ. ನಾಲ್ಕು ಮಡಿಕೆ. ಮಡಿಕೆಯ ನಡುವೆ ಒಂದು ಪುಸ್ತಕದ ಮೂಲೆ.

ಒಗೆಯಲು ಹಾಕಿದ್ದ ಖಾದಾ.

ಸಾಹುನಿ ತನ್ನ ಎಂದಿನ ಸಣ್ಣ ದನಿಯಲ್ಲಿ ಮಾತಾಡಿದಳು. "ಒಂದೇ ಪ್ರಶ್ನೆ, ಹಸ್ತೆ. ಪುಸ್ತಕ ಯಾರ ಕೈಗೆ ಕೊಟ್ಟೆ? ಹೆಸರು ಹೇಳು, ಈ ಹಾಳೆ ಇಲ್ಲೇ ಹರಿದು ಹಾಕ್ತೀನಿ."

ಉತ್ತರವನ್ನು ಡ್ರಾಯರಿನಲ್ಲಿ ಇಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದಳು. ಈ ಹುಡುಗ ಗುರುವಿನ ಹೆಸರು ಹೇಳುವವನಲ್ಲ ಅಂತ ಅವಳಿಗೆ ಗೊತ್ತು. ಗೊತ್ತು ಮಾಡಿಸಿದವರು ಬಲಗಡೆ ದಿಂಬಿನ ಮೇಲೆ ಕೂತಿದ್ದರು. ಗುರು ಕಳ್ಳ ಅಂತಾದರೆ ಹದಿನಾಲ್ಕು ಜನ ಎದ್ದು ಹೋಗುತ್ತಾರೆ, ಅವಳ ಮನೆ ಹೋಗುತ್ತದೆ. ಕಟ್ಟು ಕಟ್ಟುವವನು ಕಳ್ಳ ಅಂತಾದರೆ ಏನೂ ಹೋಗುವುದಿಲ್ಲ. ಹೊಸಬ ಸಿಗುತ್ತಾನೆ. ಎರಡನೇ ದನಿಯನ್ನೂ ಇನ್ಯಾರಿಂದಲೋ ಮತ್ತೆ ರೆಕಾರ್ಡ್ ಮಾಡಿಸಬಹುದು.

"ಹೇಳಯ್ಯ, ಬಸ್ಸಿಗೆ ಹೊತ್ತಾಯ್ತು," ಅಂದ ಯಾರೋ.

ಸುಯೋಗ್, ಅವನಿಗೆ ಬಾಯಿಲ್ಲ, ಬರೀ ಕೈ ಅಂದ. ಈ ಸಲ ನಗು ಅಷ್ಟು ಜೋರಾಗಿ ಬರಲಿಲ್ಲ.

ನಾನು ಕೈ ಚಾಚಿದೆ. ಸಾಹುನಿ ಮೊಣಕಾಲಿನಿಂದ ಡ್ರಾಯರು ತಳ್ಳಿದಳು. ತಡವಾಗಿತ್ತು, ಖಾದಾದ ತುದಿ ನನ್ನ ಬೆರಳಿಗೆ ಸಿಕ್ಕಿತ್ತು. ಎಳೆದೆ. ಸುತ್ತಿದ್ದ ಪುಸ್ತಕ ಜೊತೆಗೇ ಬಂತು. ಖಾದಾ ಬಿಚ್ಚಿ, ಪುಸ್ತಕದ ಒಳಪುಟ ತೆಗೆದು ಎಲ್ಲರ ಮುಂದೆ ಮೇಜಿನ ಮೇಲಿಟ್ಟೆ. ತಿಲಕ ಒಣಗಿ ಕಂದುಗೆಂಪಾಗಿತ್ತು. ಕಾಳು ಉದುರಿದ ಐದು ಗುರುತು.

ಧರಾನಿನ ಸುಬ್ಬಾನ ಕೈಯಲ್ಲಿ ಫುಟ್‌ಪಾತಿನ ಪ್ರತಿ ಇತ್ತು. ಅವನು ಕನ್ನಡಕ ಮೇಲೇರಿಸಿ ಅದರ ಒಳಪುಟ ತೆಗೆದ. ಕಪ್ಪು ಮಚ್ಚೆ ನೋಡಿದ. ಮೇಜಿನ ಮೇಲಿನ ಕೆಂಪು ನೋಡಿದ. ಆಮೇಲೆ ಸಾಹುನಿಯ ಡ್ರಾಯರು ನೋಡಿದ. ಕುರ್ಚಿಯಿಂದ ಮೆಲ್ಲಗೆ ಎದ್ದು ನಿಂತ.

ಸಾಹುನಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಪೆನ್ನು ಮಾತ್ರ ದೂರಿನ ಹಾಳೆಯ ಮೇಲೆ ಇಳಿಯಿತು. ಸಹಿ ಹಾಕುತ್ತಿದ್ದಳು.

ಅಮ್ಮ ಕೊಟ್ಟ ಖಾದಾವನ್ನು ನಾನೇ ನನ್ನ ಕೊರಳಿಗೆ ಹಾಕಿಕೊಂಡೆ. ಬಾಗಿಲ ಕಡೆ ತಿರುಗಿದೆ. ಸುಯೋಗ್ ಅಡ್ಡ ಬಂದ.

"ಬಿಡು ಅವನನ್ನ," ಅಂದ ಸುಬ್ಬಾ. ಸುಯೋಗ್ ಸರಿದ.

ಬಾಗಿಲು ದಾಟಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದೆ ಕುರ್ಚಿ ಸದ್ದಾಯಿತು. ಗುರುಗಳು ಎದ್ದಿದ್ದರು. ಕೊರಿಯನ್ ಭಾಷೆಯಲ್ಲಿ ಕೇಳಿದರು. ಮೊದಲ ಪಾಠದ ಮೊದಲ ಮಾತು.

ಎಲ್ಲಿಗೆ ಹೊರಟೆ?

ಆ ಕೋಣೆಯಲ್ಲಿದ್ದ ಎಲ್ಲರಿಗೂ ಅದರ ಉತ್ತರ ಬಾಯಿಪಾಠ. ನನ್ನ ದನಿಯಲ್ಲೇ ಗೊತ್ತು. ಎಲ್ಲರೂ ಕಾದರು ಅಂತ ಕಾಣುತ್ತದೆ, ಯಾಕಂದರೆ ಒಂದು ಚಹಾ ಲೋಟದ ಸದ್ದೂ ಬರಲಿಲ್ಲ.

ಅವರು ಇನ್ನೊಮ್ಮೆ ಕೇಳಿದರು. ದನಿ ಈ ಸಲ ಪಾಠದ್ದಾಗಿರಲಿಲ್ಲ.

ನಾನು ಎರಡನೇ ಮೆಟ್ಟಿಲು ಇಳಿದೆ. ಆಮೇಲೆ ಮೂರನೆಯದು.